ಹಳೆಯ ನಕ್ಷೆಗಳಿಂದ ರೇಡಿಯೊ ನಿಯಂತ್ರಿತ ಮಾದರಿ ವಿಮಾನಗಳ ನಿರ್ಮಾಣ

ಹಳೆಯ ನಕ್ಷೆಗಳಿಂದ ರೇಡಿಯೊ ನಿಯಂತ್ರಿತ ಮಾದರಿ ವಿಮಾನಗಳ ನಿರ್ಮಾಣವೆಂದರೆ, ಮುಖ್ಯವಾಗಿ 1930ರಿಂದ 1950ರ ದಶಕದವರೆಗೆ ಪತ್ರಿಕೆಗಳಲ್ಲಿ ಪ್ರಕಟವಾದ ಅಥವಾ ಕಿಟ್‌ಗಳೊಡನೆ ಬಂದ ನಕ್ಷೆಗಳನ್ನು ಅನುಸರಿಸಿ ಮರದ ಚೌಕಟ್ಟಿನ ಮಾದರಿ ವಿಮಾನವನ್ನು ಕೈಯಿಂದ ಕಟ್ಟಿ, ಇಂದಿನ ರೇಡಿಯೊ ಉಪಕರಣ ಅಳವಡಿಸಿ ಹಾರಿಸುವ ಹವ್ಯಾಸ. ಇದು ಏರೋಮಾಡೆಲಿಂಗ್‌ನ ಒಂದು ಶಾಖೆ. ಈ ನಕ್ಷೆಗಳಲ್ಲಿ ಹೆಚ್ಚಿನವು ಮುಕ್ತ ಹಾರಾಟಕ್ಕೆ, ಅಂದರೆ ಕೈಬಿಟ್ಟ ಮೇಲೆ ನಿಯಂತ್ರಣವಿಲ್ಲದೆ ತಾನಾಗಿ ಹಾರುವ ವಿಮಾನಗಳಿಗೆ ಬರೆದವು. ಅವನ್ನು ರೇಡಿಯೊ ನಿಯಂತ್ರಣಕ್ಕೆ ಒಗ್ಗಿಸುವಾಗ ಚೌಕಟ್ಟಿನ ಬಲ, ಒಟ್ಟು ತೂಕ, ಗುರುತ್ವಕೇಂದ್ರ ಈ ಮೂರನ್ನೂ ಹೊಸದಾಗಿ ಲೆಕ್ಕಹಾಕಬೇಕಾಗುತ್ತದೆ.

ಪರಿಭಾಷೆ

ಈ ಲೇಖನದಲ್ಲಿ ನಕ್ಷೆ ಎಂದರೆ ಪೂರ್ಣ ಅಳತೆಯ ನಿರ್ಮಾಣ ಚಿತ್ರ. ವಿಮಾನದ ಉದ್ದನೆಯ ದೇಹಭಾಗಕ್ಕೆ ಒಡಲು, ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಅಗಲಕ್ಕೆ ಕಾರ್ಡ್, ರೆಕ್ಕೆಯ ಅಡ್ಡಕೊಯ್ತದ ಆಕಾರ ಕೊಡುವ ತೆಳುಹಲಗೆಗೆ ರಿಬ್, ರೆಕ್ಕೆಯ ಉದ್ದಕ್ಕೂ ಭಾರ ಹೊರುವ ಪಟ್ಟಿಗೆ ಸ್ಪಾರ್, ಒಡಲಿನ ಉದ್ದನೆಯ ಮೂಲೆಪಟ್ಟಿಗೆ ಲಾಂಜೆರಾನ್ ಎಂಬ ಹೆಸರುಗಳನ್ನು ಬಳಸಲಾಗಿದೆ. ರೆಕ್ಕೆಗಳು ತುದಿಯ ಕಡೆಗೆ ಮೇಲಕ್ಕೆ ಬಾಗಿರುವ ಕೋನ ಡೈಹೆಡ್ರಲ್. ಒಟ್ಟು ತೂಕವನ್ನು ರೆಕ್ಕೆಯ ವಿಸ್ತೀರ್ಣದಿಂದ ಭಾಗಿಸಿದರೆ ಬರುವುದು ರೆಕ್ಕೆಭಾರ. ಇದನ್ನು ಚದರ ಡೆಸಿಮೀಟರಿಗೆ ಇಷ್ಟು ಗ್ರಾಂ ಎಂದು ಹೇಳುವುದು ರೂಢಿ.

ಉಗಮ ಮತ್ತು ಇತಿಹಾಸ

ಫ್ರಾನ್ಸಿನ ಆಲ್ಫೋನ್ಸ್ ಪೆನೋ 1871ರಲ್ಲಿ ಪ್ಯಾರಿಸ್ಸಿನ ತುಯಿಲ್ರಿ ಉದ್ಯಾನದಲ್ಲಿ ರಬ್ಬರ್ ಪಟ್ಟಿಯ ಶಕ್ತಿಯಿಂದ ಹಾರುವ ಪುಟ್ಟ ವಿಮಾನವನ್ನು ಹಾರಿಸಿ ತೋರಿಸಿದ. ಬಾಲರೆಕ್ಕೆಯ ಕೋನವನ್ನು ಹೊಂದಿಸಿದರೆ ವಿಮಾನ ತಾನಾಗಿ ಸ್ಥಿರವಾಗಿ ಹಾರುತ್ತದೆ ಎಂಬುದು ಅದರಿಂದ ಸ್ಪಷ್ಟವಾಯಿತು. ಮುಂದೆ ಬಂದ ಮುಕ್ತ ಹಾರಾಟದ ಮಾದರಿಗಳೆಲ್ಲ ನಿಂತದ್ದು ಈ ತತ್ವದ ಮೇಲೆ.

ಅಮೆರಿಕದಲ್ಲಿ 'ಮಾಡೆಲ್ ಏರ್‌ಪ್ಲೇನ್ ನ್ಯೂಸ್' ಪತ್ರಿಕೆ 1929ರಲ್ಲಿ, ಬ್ರಿಟನ್ನಿನಲ್ಲಿ 'ಏರೋಮಾಡೆಲ್ಲರ್' 1935ರಲ್ಲಿ ಆರಂಭವಾದವು. ಪೂರ್ಣ ಅಳತೆಯ ನಕ್ಷೆಗಳನ್ನು ಮನೆಮನೆಗೆ ಮುಟ್ಟಿಸಿದ್ದು ಇಂಥ ಪತ್ರಿಕೆಗಳು. 1930ರ ದಶಕದಲ್ಲಿ ಸಣ್ಣ ಪೆಟ್ರೋಲ್ ಎಂಜಿನ್‌ಗಳು ಮಾರುಕಟ್ಟೆಗೆ ಬಂದ ಮೇಲೆ ದೊಡ್ಡ ರೆಕ್ಕೆಯ ಮಾದರಿಗಳು ಸಾಧ್ಯವಾದವು. ಕಾರ್ಲ್ ಗೋಲ್ಡ್‌ಬರ್ಗ್ ರಚಿಸಿದ 'ಜಿಪ್ಪರ್' (1938), ಜೋ ಕೊನೆಫೆಸ್ ಅವರ 'ಬಜರ್ಡ್ ಬಾಂಬ್‌ಶೆಲ್' (1940), ಬ್ರಿಟನ್ನಿನ ಕೀಲ್‌ಕ್ರಾಫ್ಟ್ ಸಂಸ್ಥೆಗಾಗಿ ಆಲ್ಬರ್ಟ್ ಹ್ಯಾಟ್‌ಫುಲ್ ರಚಿಸಿದ 'ಜೂನಿಯರ್ 60' (1946), ವಿಕ್ ಸ್ಮೀಡ್ ಅವರ 'ಟಾಮ್‌ಬಾಯ್' (1950) ಇಂದಿಗೂ ಹೆಚ್ಚಾಗಿ ಕಟ್ಟಲಾಗುವ ಹಳೆಯ ವಿನ್ಯಾಸಗಳು. ಜೂನಿಯರ್ 60ರ ರೆಕ್ಕೆಹರಹು 60 ಅಂಗುಲ, ಟಾಮ್‌ಬಾಯ್‌ನದು 36 ಅಂಗುಲ.

ರೇಡಿಯೊ ನಿಯಂತ್ರಣವೂ ಇದೇ ಕಾಲದ್ದು. ಅಮೆರಿಕದ ಅವಳಿ ಸೋದರರಾದ ವಾಲ್ಟರ್ ಮತ್ತು ವಿಲಿಯಂ ಗುಡ್ 1930ರ ದಶಕದ ಕೊನೆಯಲ್ಲಿ 'ಗಫ್' ಎಂಬ ಮಾದರಿಯನ್ನು ರೇಡಿಯೊದಿಂದ ನಡೆಸಿದರು. ಅದು ಈಗ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಆರಂಭದ ಉಪಕರಣದಲ್ಲಿ ಒಂದೇ ಚಾನೆಲ್ ಇರುತ್ತಿತ್ತು. ಗುಂಡಿ ಒತ್ತಿದಾಗ, ತಿರುಚಿದ ರಬ್ಬರಿನ ಬಲದಿಂದ, ದಿಕ್ಕು ತಿರುಗಿಸುವ ಬಾಲಪಟ್ಟಿಯಾದ ರಡ್ಡರ್ ಪೂರ್ತಿ ಎಡಕ್ಕೋ ಬಲಕ್ಕೋ ಹೊರಳುತ್ತಿತ್ತು. ಕೈಯಲ್ಲಿರುವ ಟ್ರಾನ್ಸ್‌ಮಿಟರಿನ ಕಡ್ಡಿಯನ್ನು ಎಷ್ಟು ಸರಿಸಿದರೆ ಅಷ್ಟೇ ತಿರುಗುವ ಅನುಪಾತ ನಿಯಂತ್ರಣ 1960ರ ದಶಕದಲ್ಲಿ ಬಳಕೆಗೆ ಬಂತು. 2.4 ಗಿಗಾಹರ್ಟ್ಸ್ ಉಪಕರಣಗಳು 2000ದ ದಶಕದ ನಡುವಿನಿಂದ ಹರಡಿದವು.

ಹಳೆಯ ವಿನ್ಯಾಸಗಳನ್ನು ಉಳಿಸುವ ಉದ್ದೇಶದಿಂದ 1962ರಲ್ಲಿ ಅಮೆರಿಕದಲ್ಲಿ 'ಸೊಸೈಟಿ ಆಫ್ ಆಂಟಿಕ್ ಮಾಡೆಲರ್ಸ್' ಸ್ಥಾಪನೆಯಾಯಿತು. ಸದಸ್ಯರು ಚದುರಿಹೋಗಿದ್ದ ನಕ್ಷೆಗಳನ್ನು ಕೂಡಿಹಾಕಿ, ಪ್ರತಿ ತೆಗೆದು ಹಂಚಿದರು. ಇಂದು ಈ ನಕ್ಷೆಗಳು ದೊರೆಯುತ್ತಿರುವುದಕ್ಕೆ ಇಂಥ ಸಂಗ್ರಹಕಾರರ ಶ್ರಮ ಮುಖ್ಯ ಕಾರಣ.

ಭಾರತದಲ್ಲಿ

ಭಾರತದಲ್ಲಿ ಏರೋಮಾಡೆಲಿಂಗ್ ಬೆಳೆದದ್ದು ಹಾರಾಟ ಕ್ಲಬ್ಬುಗಳು, ಎನ್‌ಸಿಸಿ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಆಸರೆಯಲ್ಲಿ. ವಾಯುಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಏರೋ ಕ್ಲಬ್ ಆಫ್ ಇಂಡಿಯಾದ ಕಚೇರಿ ದೆಹಲಿಯ ಸಫ್ದರ್‌ಜಂಗ್ ವಿಮಾನ ನಿಲ್ದಾಣದಲ್ಲಿದೆ. ಎನ್‌ಸಿಸಿಯ ವಾಯುದಳ ವಿಭಾಗ 1950ರಲ್ಲಿ ಆರಂಭವಾಯಿತು. ಅದರ ಪಠ್ಯದಲ್ಲೂ ವಾಯು ಸೈನಿಕ ಶಿಬಿರದ ಸ್ಪರ್ಧೆಗಳಲ್ಲೂ ಏರೋಮಾಡೆಲಿಂಗ್ ಸೇರಿದೆ.

ಪ್ರತಿಕೃತಿ ಕಟ್ಟಲು ಆಧಾರವಾಗಬಲ್ಲ ಭಾರತೀಯ ವಿಮಾನಗಳ ವಿನ್ಯಾಸಕ್ಕೆ ದೆಹಲಿ ಮತ್ತು ಬೆಂಗಳೂರು ಎರಡು ಮುಖ್ಯ ನೆಲೆಗಳು. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್‌ಎಎಲ್, 1959ರಲ್ಲಿ ದೆಹಲಿಯಲ್ಲಿ ಆರಂಭವಾಗಿ ಮರುವರ್ಷ ಬೆಂಗಳೂರಿಗೆ ಬಂತು. ನಾಗರಿಕ ವಿಮಾನಯಾನ ಇಲಾಖೆಯ ತಾಂತ್ರಿಕ ಕೇಂದ್ರ ಸಫ್ದರ್‌ಜಂಗ್‌ನಲ್ಲಿ 'ರೋಹಿಣಿ' ಎಂಬ ಎರಡು ಆಸನದ ಮರದ ಗ್ಲೈಡರನ್ನು ವಿನ್ಯಾಸಗೊಳಿಸಿತು. ಅದು 1961ರಲ್ಲಿ ಮೊದಲು ಹಾರಿತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ, ಹಾರಾಟ ಕ್ಲಬ್ಬುಗಳಿಗಾಗಿ ಮಾಡಿದ ಪುಷ್ಪಕ್ 1958ರಲ್ಲಿ ಹಾರಿದವು. ಎತ್ತರದ ರೆಕ್ಕೆ, ಬಟ್ಟೆಯ ಹೊದಿಕೆ, ಸರಳ ರೇಖೆಗಳ ಪುಷ್ಪಕ್ ಮಾದರಿ ನಿರ್ಮಾಣಕ್ಕೆ ಚೆನ್ನಾಗಿ ಒಗ್ಗುತ್ತದೆ. ಅದರ ರೆಕ್ಕೆಹರಹು 36 ಅಡಿ. ಆರರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿದರೆ 6 ಅಡಿ, ಅಂದರೆ 72 ಅಂಗುಲ. ರೇಡಿಯೊ ನಿಯಂತ್ರಣಕ್ಕೆ ಇದು ಅನುಕೂಲವಾದ ಗಾತ್ರ.

ನಕ್ಷೆಯ ಸ್ವರೂಪ

ಹಳೆಯ ನಕ್ಷೆಯೊಂದರಲ್ಲಿ ಸಾಮಾನ್ಯವಾಗಿ ಒಡಲಿನ ಪಕ್ಕನೋಟ ಮತ್ತು ಮೇಲ್ನೋಟ, ರೆಕ್ಕೆ, ಬಾಲದ ಭಾಗಗಳು, ರಿಬ್ ಹಾಗೂ ಅಡ್ಡಚೌಕಟ್ಟುಗಳ ಆಕಾರ, ಮರದ ದಪ್ಪ, ತಂತಿಯ ಗೇಜು ಇರುತ್ತವೆ. ಕೆಲವುಗಳಲ್ಲಿ ಒಂದು ಬದಿಯ ರೆಕ್ಕೆ ಮಾತ್ರ ಬರೆದಿರುತ್ತದೆ. ಇನ್ನೊಂದು ಬದಿಗೆ ಕಾಗದದ ಹಿಂಬದಿಗೆ ಎಣ್ಣೆ ಸವರಿ ಗೆರೆಗಳು ಕಾಣುವಂತೆ ಮಾಡುವುದು ಹಳೆಯ ಪದ್ಧತಿ. ಈಗ ಕನ್ನಡಿಬಿಂಬದ ಪ್ರತಿಯನ್ನೇ ಮುದ್ರಿಸಿಕೊಳ್ಳುತ್ತಾರೆ.

ಅಮೆರಿಕ ಮತ್ತು ಬ್ರಿಟನ್ನಿನ ನಕ್ಷೆಗಳಲ್ಲಿ ಅಳತೆಗಳು ಅಂಗುಲದಲ್ಲಿರುತ್ತವೆ. 1/16 ಅಂಗುಲಕ್ಕೆ 1.6 ಮಿ.ಮೀ., 1/8ಕ್ಕೆ 3.2 ಮಿ.ಮೀ., 3/16ಕ್ಕೆ 4.8 ಮಿ.ಮೀ., 1/4ಕ್ಕೆ 6.4 ಮಿ.ಮೀ. ಎಂದು ಹಿಡಿಯುತ್ತಾರೆ. ಬ್ರಿಟಿಷ್ ನಕ್ಷೆಗಳಲ್ಲಿ ಚಕ್ರದ ಕಾಲಿನ ತಂತಿಯನ್ನು ಎಸ್‌ಡಬ್ಲ್ಯುಜಿ (ಸ್ಟ್ಯಾಂಡರ್ಡ್ ವೈರ್ ಗೇಜ್) ಗೇಜಿನಲ್ಲಿ ಹೇಳಿರುತ್ತದೆ: 16 ಗೇಜಿಗೆ 1.63 ಮಿ.ಮೀ., 14ಕ್ಕೆ 2.03 ಮಿ.ಮೀ., 10ಕ್ಕೆ 3.25 ಮಿ.ಮೀ. ಭಾರತದ ಹಾರ್ಡ್‌ವೇರ್ ಅಂಗಡಿಗಳಲ್ಲೂ ಇದೇ ಗೇಜು ಬಳಕೆಯಲ್ಲಿರುವುದರಿಂದ ತಂತಿಯ ವಿಷಯದಲ್ಲಿ ಗೊಂದಲ ಕಡಿಮೆ.

ಮುದ್ರಣದಲ್ಲಿ ಅಳತೆ ತಪ್ಪುವುದೇ ದೊಡ್ಡ ತೊಡಕು. ಮಡಿಕೆ ಬಿದ್ದ ಮೂಲ ಕಾಗದ ಸ್ಕ್ಯಾನ್ ಆಗುವಾಗ ಉದ್ದಕ್ಕೂ ಅಗಲಕ್ಕೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿಯೋ ಕುಗ್ಗಿಯೋ ಇರಬಹುದು. 60 ಅಂಗುಲದ ರೆಕ್ಕೆ ಶೇ. 98ಕ್ಕೆ ಮುದ್ರಣವಾದರೆ 58.8 ಅಂಗುಲಕ್ಕೆ ಇಳಿಯುತ್ತದೆ, ವಿಸ್ತೀರ್ಣ ಸುಮಾರು ಶೇ. 4 ಕಡಿಮೆಯಾಗುತ್ತದೆ. ಅಂಗಡಿಯಿಂದ ತಂದ 1/4 ಅಂಗುಲದ ಪಟ್ಟಿ ರಿಬ್ಬಿನ ಕಚ್ಚಿನಲ್ಲಿ ಕೂರುವುದಿಲ್ಲ. ಆದ್ದರಿಂದ ಮರ ಕತ್ತರಿಸುವ ಮೊದಲು ಎರಡೂ ದಿಕ್ಕಿನಲ್ಲಿ ಗೊತ್ತಿರುವ ಅಳತೆಯೊಂದನ್ನು ಸ್ಕೇಲ್ ಇಟ್ಟು ಪರಿಶೀಲಿಸುತ್ತಾರೆ.

ವಿಧಗಳು

ಕಾಲದ ದೃಷ್ಟಿಯಿಂದ, ಸೊಸೈಟಿ ಆಫ್ ಆಂಟಿಕ್ ಮಾಡೆಲರ್ಸ್ 1938ರ ಕೊನೆಯವರೆಗಿನ ವಿನ್ಯಾಸಗಳನ್ನು ಆಂಟಿಕ್, 1942ರ ಕೊನೆಯವರೆಗಿನವನ್ನು ಓಲ್ಡ್ ಟೈಮರ್ ಎಂದು ವಿಂಗಡಿಸುತ್ತದೆ. ಬ್ರಿಟನ್ನಿನಲ್ಲಿ 1950ರ ಕೊನೆಯವರೆಗಿನವು ವಿಂಟೇಜ್ ಎನಿಸಿಕೊಳ್ಳುತ್ತವೆ.

ರಚನೆಯ ದೃಷ್ಟಿಯಿಂದ ಮುಖ್ಯವಾಗಿ ನಾಲ್ಕು ವಿಧ. ಎಂಜಿನ್ ಬಲದಿಂದ ಮೇಲೇರಿ ಬಳಿಕ ತೇಲಿ ಇಳಿಯುವ ಸ್ಪರ್ಧಾ ಮಾದರಿಗಳು ಮೊದಲನೆಯವು. ನಿಧಾನವಾಗಿ ಹಾರುವ, ಕ್ಯಾಬಿನ್ನಿನ ಆಕಾರವುಳ್ಳ ಸ್ಪೋರ್ಟ್ ಮಾದರಿಗಳು ಎರಡನೆಯವು, ಜೂನಿಯರ್ 60 ಇವಕ್ಕೆ ಉದಾಹರಣೆ. ದಾರದಿಂದ ಎಳೆದು ಹಾರಿಸುವ ಗ್ಲೈಡರ್‌ಗಳು ಮೂರನೆಯವು. ನಿಜವಾದ ವಿಮಾನದ ಪ್ರಮಾಣಬದ್ಧ ಪ್ರತಿಕೃತಿಗಳು ನಾಲ್ಕನೆಯವು. ಕಲಿಯುವವರಿಗೆ ಸ್ಪೋರ್ಟ್ ಮಾದರಿಗಳು ಹೆಚ್ಚು ಸೂಕ್ತ. ನಿಯಂತ್ರಣ ತಪ್ಪಿದರೂ ಕಡ್ಡಿಗಳನ್ನು ನಡುವಿಗೆ ಬಿಟ್ಟರೆ ಸಾಕಷ್ಟು ಎತ್ತರವಿದ್ದಾಗ ತಾವಾಗಿ ಸಮಸ್ಥಿತಿಗೆ ಮರಳುವ ಗುಣ ಇವಕ್ಕಿದೆ.

ಸಾಮಗ್ರಿ

ಮುಖ್ಯ ಸಾಮಗ್ರಿ ಬಾಲ್ಸಾ ಮರ. ಜಗತ್ತಿನ ಬಾಲ್ಸಾದಲ್ಲಿ ಹೆಚ್ಚಿನ ಪಾಲು ಈಕ್ವೆಡಾರ್‌ನಿಂದ ಬರುತ್ತದೆ. ಮಾದರಿಗಳಿಗೆ ಬಳಸುವ ಬಾಲ್ಸಾದ ಸಾಂದ್ರತೆ ಘನ ಮೀಟರಿಗೆ ಸುಮಾರು 100ರಿಂದ 200 ಕಿಲೋಗ್ರಾಂ. ಒಂದೇ ಅಳತೆಯ ಎರಡು ಹಾಳೆಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ತೂಗಬಹುದಾದ್ದರಿಂದ ಕಟ್ಟುವವರು ಪ್ರತಿ ಹಾಳೆಯನ್ನೂ ತೂಗಿ ವಿಂಗಡಿಸುತ್ತಾರೆ. ಗಟ್ಟಿಯಾದದ್ದು ಸ್ಪಾರ್ ಮತ್ತು ಲಾಂಜೆರಾನ್‌ಗೆ, ಹಗುರವಾದದ್ದು ಬಾಲಕ್ಕೆ ಮತ್ತು ರೆಕ್ಕೆತುದಿಗೆ. ಎಂಜಿನ್ ಅಥವಾ ಮೋಟಾರು ಕೂರುವ ಮುಂಭಾಗಕ್ಕೆ ಪ್ಲೈವುಡ್ ಬೇಕು.

ಅಂಟುಗಳಲ್ಲಿ ಬಿಳಿ ಮರದಂಟು, ತಕ್ಷಣ ಹಿಡಿಯುವ ಸೈನೋಅಕ್ರಿಲೇಟ್, ಭಾರ ಬೀಳುವ ಜಾಗಗಳಿಗೆ ಎಪಾಕ್ಸಿ ಬಳಕೆಯಲ್ಲಿವೆ. ಹೊದಿಕೆಗೆ ಹಿಂದೆ ಟಿಶ್ಯೂ ಕಾಗದ ಅಥವಾ ರೇಷ್ಮೆಯನ್ನು ಅಂಟಿಸಿ, ನೀರು ಸಿಂಪಡಿಸಿ ಬಿಗಿಗೊಳಿಸಿ, ಮೇಲೆ ಡೋಪ್ ಎಂಬ ಘಾಟುವಾಸನೆಯ ಮೆರುಗೆಣ್ಣೆ ಬಳಿಯುತ್ತಿದ್ದರು. ಈಗ ಇಸ್ತ್ರಿಯ ಬಿಸಿಗೆ ಕುಗ್ಗಿ ಅಂಟುವ ಪ್ಲಾಸ್ಟಿಕ್ ಫಿಲ್ಮ್ ಸಾಮಾನ್ಯ. ಬಾಲ್ಸಾ ದುಬಾರಿಯಾದಾಗ ಫೋಮ್ ಹಾಳೆ, ಜಾಹೀರಾತು ಫಲಕಗಳ ಸನ್‌ಪ್ಯಾಕ್ ಹಾಳೆಗಳಿಂದಲೂ ಹಳೆಯ ಆಕಾರಗಳನ್ನು ಕಟ್ಟುವುದುಂಟು. ಸ್ಪರ್ಧೆಯ ನಿಯಮದ ಪ್ರಕಾರ ಅವು ವಿಂಟೇಜ್ ಎನಿಸುವುದಿಲ್ಲ.

ನಿರ್ಮಾಣ ಕ್ರಮ

ಸಮತಟ್ಟಾದ ಹಲಗೆಯ ಮೇಲೆ ನಕ್ಷೆ ಹಾಸಿ, ಅಂಟು ಕಾಗದಕ್ಕೆ ಹಿಡಿಯದಂತೆ ಮೇಲೆ ಪಾರದರ್ಶಕ ಪಾಲಿಥೀನ್ ಹೊದಿಸುತ್ತಾರೆ. ಹಲಗೆ ಬಾಗಿದ್ದರೆ ರೆಕ್ಕೆಯೂ ಬಾಗುತ್ತದೆ. ಒಡಲಿನ ಎರಡು ಪಕ್ಕಗಳನ್ನು ಒಂದರ ಮೇಲೊಂದು ಕಟ್ಟುವುದು ಸಂಪ್ರದಾಯ, ಅದರಿಂದ ಎರಡೂ ತದ್ರೂಪವಾಗಿರುತ್ತವೆ. ಬಳಿಕ ಅವನ್ನು ಅಡ್ಡಪಟ್ಟಿಗಳಿಂದ ಜೋಡಿಸಿ, ಮೇಲ್ನೋಟದ ನಡುಗೆರೆಗೆ ಹೊಂದಿಸಿ ನೇರಗೊಳಿಸುತ್ತಾರೆ.

ಉದ್ದಕ್ಕೂ ಒಂದೇ ಅಗಲವಿರುವ ರೆಕ್ಕೆಯ ರಿಬ್‌ಗಳನ್ನು ಒಂದೊಂದಾಗಿ ಕತ್ತರಿಸುವುದಿಲ್ಲ. ಪ್ಲೈವುಡ್ಡಿನಲ್ಲಿ ಎರಡು ಅಚ್ಚು ಮಾಡಿ, ಅವುಗಳ ನಡುವೆ ಒರಟಾಗಿ ಕತ್ತರಿಸಿದ ಬಾಲ್ಸಾ ತುಂಡುಗಳನ್ನೆಲ್ಲ ಜೋಡಿಸಿ, ಎರಡು ಬೋಲ್ಟುಗಳಿಂದ ಬಿಗಿದು, ಇಡೀ ಕಟ್ಟನ್ನು ಅಚ್ಚಿನ ಅಂಚಿನವರೆಗೆ ಮರಳುಕಾಗದದಿಂದ ಉಜ್ಜುತ್ತಾರೆ. ಸ್ಪಾರಿನ ಕಚ್ಚುಗಳನ್ನೂ ಕಟ್ಟು ಬಿಚ್ಚುವ ಮೊದಲೇ ಕೊರೆಯುತ್ತಾರೆ. ಹೀಗೆ ಬಂದ ರಿಬ್‌ಗಳಲ್ಲಿ ವ್ಯತ್ಯಾಸ ಇರುವುದಿಲ್ಲ, ಸ್ಪಾರ್ ಎಲ್ಲೂ ಸೆಟೆಯದೆ ನೇರವಾಗಿ ಕೂರುತ್ತದೆ.

ರೆಕ್ಕೆಯನ್ನು ಎರಡು ಅರ್ಧಗಳಾಗಿ ಕಟ್ಟಿ, ಡೈಹೆಡ್ರಲ್ ಕೋನಕ್ಕೆ ಎತ್ತಿ, ನಡುವೆ ಪ್ಲೈವುಡ್ ಪಟ್ಟಿ ಕೊಟ್ಟು ಬೆಸೆಯುತ್ತಾರೆ. ಒಡಲಿನ ಮೇಲೆ ಅದನ್ನು ರಬ್ಬರ್ ಬ್ಯಾಂಡುಗಳಿಂದ ಕಟ್ಟುವ ಹಳೆಯ ಕ್ರಮ ಇಂದಿಗೂ ಉಳಿದಿದೆ. ನೆಲಕ್ಕೆ ಅಪ್ಪಳಿಸಿದಾಗ ಬ್ಯಾಂಡುಗಳು ಸಡಿಲಿ ರೆಕ್ಕೆ ಸರಿಯುತ್ತದೆ, ಮುರಿತ ತಪ್ಪುತ್ತದೆ.

ರೇಡಿಯೊ ನಿಯಂತ್ರಣಕ್ಕೆ ಮಾರ್ಪಾಟು

ಮುಕ್ತ ಹಾರಾಟದ ವಿಮಾನ ಬಹುಪಾಲು ಒಂದೇ ನಿಧಾನವೇಗದಲ್ಲಿ ಹಾರುತ್ತದೆ. ರೇಡಿಯೊ ನಿಯಂತ್ರಣದಲ್ಲಿ ಅದನ್ನು ಕೆಳಮುಖವಾಗಿ ಧುಮುಕಿಸಿ ಮತ್ತೆ ಮೇಲೆತ್ತಬಹುದು. ವೇಗ ಎರಡರಷ್ಟಾದಾಗ ರೆಕ್ಕೆಯ ಮೇಲೆ ಬೀಳಬಹುದಾದ ಭಾರ ನಾಲ್ಕರಷ್ಟಾಗುತ್ತದೆ. ಆದ್ದರಿಂದ ಮೇಲಿನ ಮತ್ತು ಕೆಳಗಿನ ಸ್ಪಾರ್‌ಗಳ ನಡುವೆ, ರಿಬ್ಬಿನಿಂದ ರಿಬ್ಬಿಗೆ, 1.6 ಮಿ.ಮೀ. ಬಾಲ್ಸಾ ತುಂಡುಗಳನ್ನು ನಾರು ನೆಟ್ಟಗಿರುವಂತೆ ಅಂಟಿಸುತ್ತಾರೆ. ತೂಕ ಹೆಚ್ಚು ಏರದೆ ರೆಕ್ಕೆಯ ಬಲ ಬಹಳವಾಗಿ ಏರುತ್ತದೆ.

ಹಳೆಯ ಸ್ಪರ್ಧಾ ಮಾದರಿಗಳಲ್ಲಿ ಬಾಲರೆಕ್ಕೆಯೂ ಭಾರ ಎತ್ತುವಂತೆ ವಿನ್ಯಾಸಗೊಂಡಿರುವುದರಿಂದ ಗುರುತ್ವಕೇಂದ್ರ ಬಹಳ ಹಿಂದಕ್ಕಿರುತ್ತದೆ. 25 ಸೆಂ.ಮೀ. ಕಾರ್ಡ್ ಇರುವ ರೆಕ್ಕೆಯಲ್ಲಿ ನಕ್ಷೆ ಶೇ. 60ರಲ್ಲಿ ಗುರುತಿಸಿದ್ದರೆ ಅದು ಮುಂದಿನ ಅಂಚಿನಿಂದ 15 ಸೆಂ.ಮೀ. ದೂರ. ರೇಡಿಯೊದಿಂದ ನಡೆಸುವಾಗ ಇದು ಮೂತಿಯನ್ನು ಏರಿಸಿ ಇಳಿಸುವ ಎಲಿವೇಟರನ್ನು ವಿಪರೀತ ಸೂಕ್ಷ್ಮವಾಗಿಸುತ್ತದೆ. ಮೊದಲ ಹಾರಾಟಕ್ಕೆ ಗುರುತ್ವಕೇಂದ್ರವನ್ನು ಶೇ. 35ರಿಂದ 40ಕ್ಕೆ, ಅಂದರೆ ಸುಮಾರು 9ರಿಂದ 10 ಸೆಂ.ಮೀ.ಗೆ ತಂದು, ಬಾಲರೆಕ್ಕೆಯ ಮುಂದಿನ ಅಂಚನ್ನು ಸ್ವಲ್ಪ ತಗ್ಗಿಸುತ್ತಾರೆ. ಮೋಟಾರನ್ನು ಕೆಳಕ್ಕೂ ಬಲಕ್ಕೂ ಎರಡು ಮೂರು ಡಿಗ್ರಿ ವಾಲಿಸಿದರೆ, ಶಕ್ತಿ ಹೆಚ್ಚಿಸಿದಾಗ ಮೂತಿ ಮೇಲೇಳುವುದೂ ಎಡಕ್ಕೆ ತಿರುಗುವುದೂ ಹತೋಟಿಗೆ ಬರುತ್ತವೆ.

ನಿಯಂತ್ರಣಕ್ಕೆ ರಡ್ಡರ್, ಎಲಿವೇಟರ್, ಮೋಟಾರು ವೇಗ ಈ ಮೂರು ಚಾನೆಲ್ ಸಾಕು. ಡೈಹೆಡ್ರಲ್ ಹೆಚ್ಚಿರುವುದರಿಂದ ರಡ್ಡರ್ ತಿರುಗಿದೊಡನೆ ವಿಮಾನ ತಾನಾಗಿ ವಾಲುತ್ತದೆ, ವಾಲಿಸುವ ರೆಕ್ಕೆಪಟ್ಟಿಯಾದ ಏಲೆರಾನ್ ಬೇಕಾಗುವುದಿಲ್ಲ.

ಶಕ್ತಿ ಮತ್ತು ರೇಡಿಯೊ

ಮೂಲದಲ್ಲಿ ಇವು ಕಿಡಿ ಹೊತ್ತಿಸುವ ಪೆಟ್ರೋಲ್ ಎಂಜಿನ್, 1940ರ ದಶಕದಲ್ಲಿ ಹರಡಿದ ಸಣ್ಣ ಡೀಸೆಲ್ ಅಥವಾ ಗ್ಲೋ ಎಂಜಿನ್‌ಗಳಿಂದ ಹಾರುತ್ತಿದ್ದವು. ಮಾದರಿ ಡೀಸೆಲ್‌ಗೆ ಈಥರ್, ಸೀಮೆಎಣ್ಣೆ, ಹರಳೆಣ್ಣೆಗಳ ಮಿಶ್ರಣ ಇಂಧನ. ಈಗ ಬ್ರಷ್‌ರಹಿತ ಮೋಟಾರು ಮತ್ತು ಲಿಥಿಯಂ ಪಾಲಿಮರ್ ಬ್ಯಾಟರಿ ಸಾಮಾನ್ಯ.

ಲೆಕ್ಕದ ಒಂದು ಉದಾಹರಣೆ: 150 ಸೆಂ.ಮೀ. ಹರಹು, 25 ಸೆಂ.ಮೀ. ಕಾರ್ಡ್ ಇರುವ ರೆಕ್ಕೆಯ ವಿಸ್ತೀರ್ಣ 37.5 ಚದರ ಡೆಸಿಮೀಟರ್. ಒಟ್ಟು ತೂಕ 1,100 ಗ್ರಾಂ ಆದರೆ ರೆಕ್ಕೆಭಾರ ಸುಮಾರು 29 ಗ್ರಾಂ. ಇಂಥ ನಿಧಾನಗತಿಯ ಮಾದರಿಗೆ ಕಿಲೋಗ್ರಾಮಿಗೆ 120 ವ್ಯಾಟ್‌ನಂತೆ 132 ವ್ಯಾಟ್ ಶಕ್ತಿ ಸಾಕು. 11.1 ವೋಲ್ಟಿನ ಮೂರು ಸೆಲ್ ಬ್ಯಾಟರಿಯಿಂದ ಸುಮಾರು 12 ಆಂಪಿಯರ್ ಹರಿದರೆ ಅಷ್ಟು ಸಿಗುತ್ತದೆ. 2,200 ಮಿಲಿಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ಶೇ. 80 ಬಳಸಿದರೆ ಪೂರ್ಣ ಶಕ್ತಿಯಲ್ಲಿ 8ರಿಂದ 9 ನಿಮಿಷ, ಮೋಟಾರು ತಗ್ಗಿಸಿ ತೇಲಿಸಿದರೆ ಅದಕ್ಕಿಂತ ಬಹಳ ಹೆಚ್ಚು ಹೊತ್ತು ಹಾರಾಟ ದೊರೆಯುತ್ತದೆ. ಹಳೆಯ ಎಂಜಿನ್ನಿಗಿಂತ ಮೋಟಾರು ಹಗುರವಾದ್ದರಿಂದ ಬ್ಯಾಟರಿಯನ್ನು ಆದಷ್ಟು ಮುಂದಕ್ಕಿಟ್ಟು ಸಮತೋಲನ ಸಾಧಿಸುತ್ತಾರೆ.

ಜನಕಪುರಿ ಮತ್ತು ದೆಹಲಿ ಪ್ರದೇಶ

ನಗರದ ಮನೆಯಲ್ಲೇ ಮಾದರಿ ಕಟ್ಟುವವರ ಸ್ಥಿತಿಗೆ ಪಶ್ಚಿಮ ದೆಹಲಿಯ ಜನಕಪುರಿ ಒಂದು ಉದಾಹರಣೆ. ಇದು ದೆಹಲಿ ಅಭಿವೃದ್ಧಿ ಪ್ರಾಧಿಕಾರ ರೂಪಿಸಿದ ವಸತಿ ಬಡಾವಣೆ. ಈ ಹವ್ಯಾಸಕ್ಕೆ ಬೇಕಾದ ಹಲವು ಸೌಕರ್ಯಗಳು ಇಲ್ಲಿಂದ ಮೆಟ್ರೊದಲ್ಲಿ ಹೋಗಬಹುದಾದ ದೂರದಲ್ಲಿವೆ. ನೀಲಿ ಮಾರ್ಗದ ಕೀರ್ತಿನಗರ ಮರ ಮತ್ತು ಪ್ಲೈವುಡ್ ಮಾರುಕಟ್ಟೆಗೆ ಹೆಸರಾದದ್ದು. ಹಳೆ ದೆಹಲಿಯ ಚಾವಡಿ ಬಜಾರ್ ಕಾಗದ ಮತ್ತು ಹಾರ್ಡ್‌ವೇರ್‌ನ ಸಗಟು ಕೇಂದ್ರ, ಲಾಜಪತ್ ರಾಯ್ ಮಾರುಕಟ್ಟೆ ಎಲೆಕ್ಟ್ರಾನಿಕ್ ಸಾಮಾನಿನದು. ಪಾಲಂನ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿ ವಪಿಟಿ, ಲೈಸ್ಯಾಂಡರ್, ಸ್ಪಿಟ್‌ಫೈರ್ ಮುಂತಾದ ವಿಮಾನಗಳಿವೆ. ಪ್ರತಿಕೃತಿ ಕಟ್ಟುವವರು ಕಿಟಕಿಯ ಚೌಕಟ್ಟು, ಚಕ್ರದ ಕಾಲು, ಬಣ್ಣದ ಗುರುತುಗಳನ್ನು ಅಲ್ಲಿ ಕಣ್ಣಾರೆ ಕಂಡು ನಕ್ಷೆಯೊಡನೆ ತಾಳೆ ನೋಡಬಹುದು. ಬೆಂಗಳೂರಿನಲ್ಲಿ ಎಚ್‌ಎಎಲ್ ಪರಂಪರೆ ಕೇಂದ್ರ ಇಂಥದೇ ಅನುಕೂಲ ಒದಗಿಸುತ್ತದೆ.

ಫ್ಲ್ಯಾಟಿನಲ್ಲಿ ಕಟ್ಟುವಾಗ ಜಾಗ ಮತ್ತು ಗಾಳಿಯಾಟ ಎರಡೂ ಮುಖ್ಯ. ಡೋಪ್ ಬಳಿಯುವುದು ಬಾಲ್ಕನಿಯಂಥ ತೆರೆದ ಕಡೆ ಸುರಕ್ಷಿತ. ಮಳೆಗಾಲದ ತೇವಕ್ಕೆ ಟಿಶ್ಯೂ ಹೊದಿಕೆ ಸಡಿಲವಾಗುತ್ತದೆ, ತೆಳುರೆಕ್ಕೆ ತಿರುಚಿಕೊಳ್ಳುತ್ತದೆ. ಅದಕ್ಕಾಗಿ ರೆಕ್ಕೆಯನ್ನು ಹಲಗೆಗೆ ಬಿಗಿದೇ ಇಡುತ್ತಾರೆ.

ಹವೆ ಹಾರಾಟವನ್ನೂ ಬದಲಿಸುತ್ತದೆ. ಸಮುದ್ರಮಟ್ಟದ ಪ್ರಮಾಣಿತ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.225 ಕಿಲೋಗ್ರಾಂ. 45 ಡಿಗ್ರಿ ಬಿಸಿಲಿನ ದೆಹಲಿಯಲ್ಲಿ ಅದು ಸುಮಾರು 1.07, ಎತ್ತರದಲ್ಲಿರುವ ಬೆಂಗಳೂರಿನಲ್ಲಿ 30 ಡಿಗ್ರಿಯಲ್ಲೇ ಸುಮಾರು 1.05. ಎರಡೂ ಕಡೆ ವಿಮಾನ ಆಕಾಶದಲ್ಲಿ ನಿಲ್ಲಲು ಶೇ. 7ರಿಂದ 8 ಹೆಚ್ಚು ವೇಗ ಬೇಕು. ಹಗುರವಾಗಿ ಕಟ್ಟಿದ ಹಳೆಯ ವಿನ್ಯಾಸಗಳು ಈ ವ್ಯತ್ಯಾಸವನ್ನು ಸುಲಭವಾಗಿ ತಾಳಿಕೊಳ್ಳುತ್ತವೆ. ಚಳಿಗಾಲದ ಬೆಳಗಿನ ದಟ್ಟ ಮಂಜಿನಲ್ಲಿ ವಿಮಾನ ಕಣ್ಣಿಗೆ ಕಾಣದಾದ್ದರಿಂದ ಹಾರಾಟ ಸಲ್ಲದು.

ಕಾನೂನು

ಭಾರತದಲ್ಲಿ ಈ ಮಾದರಿಗಳು 2021ರ ಡ್ರೋನ್ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಶಿಕ್ಷಣ, ಸಂಶೋಧನೆ, ವಿನ್ಯಾಸ, ಪರೀಕ್ಷೆ ಅಥವಾ ಮನರಂಜನೆಗಾಗಿ ಕಣ್ಣಳತೆಯೊಳಗೆ ಮಾತ್ರ ಹಾರಿಸುವ, 25 ಕಿಲೋಗ್ರಾಂ ಮೀರದ ದೂರನಿಯಂತ್ರಿತ ವಿಮಾನವನ್ನು ನಿಯಮಗಳು ಮಾದರಿ ವಿಮಾನವೆಂದು ಗುರುತಿಸಿ, ಅದಕ್ಕೆ ಟೈಪ್ ಪ್ರಮಾಣಪತ್ರದಿಂದ ವಿನಾಯಿತಿ ನೀಡಿವೆ. ವಾಯುಪ್ರದೇಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಲಾಗಿದೆ. ಹಸಿರು ವಲಯದಲ್ಲಿ ಸಾಮಾನ್ಯವಾಗಿ 400 ಅಡಿವರೆಗೆ, ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿವರೆಗೆ ಹಾರಿಸಬಹುದು. 8 ಕಿ.ಮೀ. ಒಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಜನಕಪುರಿ ಇಂದಿರಾಗಾಂಧಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಇದಕ್ಕಿಂತ ಸಮೀಪದಲ್ಲಿದೆ. ಹೀಗಾಗಿ ಬಡಾವಣೆಯ ಉದ್ಯಾನಗಳು ಹಾರಾಟಕ್ಕೆ ಒದಗುವುದಿಲ್ಲ, ನಗರದ ಹೊರಗೆ ಹಸಿರು ವಲಯದ ಬಯಲನ್ನು ಹುಡುಕಬೇಕು. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಸುತ್ತ ದೆಹಲಿ ಪೊಲೀಸರು ಹೊರಡಿಸುವ ನಿಷೇಧಾಜ್ಞೆಗಳೂ ಅನ್ವಯಿಸುತ್ತವೆ.

ನಕ್ಷೆಗಳಿಗೂ ಹಕ್ಕುಸ್ವಾಮ್ಯವುಂಟು. ಭಾರತದ 1957ರ ಕಾಯ್ದೆಯಂತೆ ಅದು ಸಾಮಾನ್ಯವಾಗಿ ಕರ್ತೃವಿನ ಜೀವಿತಾವಧಿ ಮತ್ತು ಆನಂತರದ 60 ವರ್ಷ ಇರುತ್ತದೆ. ನಕ್ಷೆ ಹಳೆಯದಾದ ಮಾತ್ರಕ್ಕೆ ಅದನ್ನು ಮುದ್ರಿಸಿ ಮಾರುವ ಹಕ್ಕು ಬರುವುದಿಲ್ಲ.

ಉಪಯೋಗ

ಈ ನಿರ್ಮಾಣದಿಂದ ರಚನಾಶಾಸ್ತ್ರ, ವಾಯುಚಲನಶಾಸ್ತ್ರ, ನಕ್ಷೆ ಓದುವಿಕೆ, ಮರಗೆಲಸ, ವಿದ್ಯುತ್ ಲೆಕ್ಕ ಒಟ್ಟಿಗೆ ರೂಢಿಯಾಗುತ್ತವೆ. ಸಣ್ಣ ವಿಮಾನದ ತೂಕ, ಸ್ಥಿರತೆ, ನಿಯಂತ್ರಣಗಳ ಇದೇ ಪ್ರಶ್ನೆಗಳು ಎನ್‌ಎಎಲ್‌ನ 'ಬ್ಲ್ಯಾಕ್ ಕೈಟ್'ನಂಥ ಪುಟ್ಟ ಮಾನವರಹಿತ ವಿಮಾನಗಳ ವಿನ್ಯಾಸದಲ್ಲೂ ಎದುರಾಗುತ್ತವೆ. ಪೂರ್ಣ ಗಾತ್ರದ ವಿಮಾನಗಳು ಮರೆಯಾದ ಮೇಲೂ ಅವುಗಳ ಆಕಾರ ಮತ್ತು ಕಟ್ಟುವ ಕ್ರಮವನ್ನು ಪ್ರತಿಕೃತಿಗಳು ಉಳಿಸಿಕೊಡುತ್ತವೆ.

ಇಂದಿನ ಸ್ಥಿತಿ

ಕಟ್ಟಿ ಸಿದ್ಧವಾಗಿ ಬರುವ ಫೋಮ್ ವಿಮಾನಗಳು ಮತ್ತು ಡ್ರೋನ್‌ಗಳಿಂದಾಗಿ ಕೈಯಿಂದ ಕಟ್ಟುವವರ ಪ್ರಮಾಣ ಎಲ್ಲೆಡೆ ತಗ್ಗಿದೆ. ಇನ್ನೊಂದು ಕಡೆ ಕಟ್ಟುವ ಕೆಲಸ ಹಿಂದಿಗಿಂತ ಸುಲಭವಾಗಿದೆ. ಸ್ಕ್ಯಾನ್ ಆದ ನಕ್ಷೆಗಳು ದೊರೆಯುತ್ತವೆ, ಕಂಪ್ಯೂಟರಿನಲ್ಲಿ ಮರುಬರೆದ ರಿಬ್‌ಗಳನ್ನು ಲೇಸರ್ ಯಂತ್ರ ಕತ್ತರಿಸಿಕೊಡುತ್ತದೆ, ವಿದ್ಯುತ್ ಮೋಟಾರಿನಿಂದ ಸದ್ದೂ ಎಣ್ಣೆಯ ಕೊಳೆಯೂ ಇಲ್ಲವಾಗಿವೆ. 2005ರಿಂದ ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ನಿಗದಿತ ಶಕ್ತಿಯೊಳಗಿನ ಉಪಕರಣಗಳ ಬಳಕೆಗೆ ಪ್ರತ್ಯೇಕ ಪರವಾನಗಿ ಬೇಕಿಲ್ಲ. ಬಾಲ್ಸಾದ ಆಮದು ವೆಚ್ಚ ಮತ್ತು ನಗರಗಳ ಸಮೀಪ ಹಾರಾಟದ ಬಯಲುಗಳ ಕೊರತೆ ಉಳಿದಿರುವ ಎರಡು ಅಡ್ಡಿಗಳು. ಪುಷ್ಪಕ್, ಎಚ್‌ಟಿ-2, ರೋಹಿಣಿಯಂಥ ಭಾರತೀಯ ವಿಮಾನಗಳನ್ನು ಅಳೆದು, ಪೂರ್ಣ ಅಳತೆಯ ಮಾದರಿ ನಕ್ಷೆಗಳನ್ನು ಬರೆದಿಡುವ ಕೆಲಸಕ್ಕೆ ಇಲ್ಲಿ ವಿಪುಲ ಅವಕಾಶವಿದೆ.